ನಾಲಗಿ ಮ್ಯಾಲಿಟ್ಟ ಮಣ್ಣು

ಬೀದರ ಚೌಬಾರದ ಹಿಂದಿನ ಓಣ್ಯಾಗ ನಮ್ಮ ಕಾರ್ಖಾನಿ.
ಉಳಿ ನಿಂದ್ರಸೋ ಪಿಂಗಾಣಿ ಕಪ್ಪಿನ ಮ್ಯಾಲ
ಒಂದು ಪರದೇಶದ ಕೋಟಿ, ಎರಡು ಗೋಪುರ,
ಅಳಿಸಿಹೋದ ಬಂಗಾರದ ಗೆರಿ.
ಹಿಡಿಕಿ ಹೋದ ವರ್ಷನೇ ಮುರೀತು.

ಬಂದವರು ಕೇಳ್ತಾರ: ನ್ಯೂರೆಂಬರ್ಗ್ ಹ್ಯಾಂಗಿತ್ತು, ಎಸ್ತೇರಮ್ಮ?
ಥಂಡಿ ಇತ್ತು, ಅಂತೀನಿ.
ಅಷ್ಟಕ್ಕೇ ಖುಷಿಯಾಗಿ ಹೋಗ್ತಾರ.

ಹೇಳದೆ ಉಳದದ್ದು ಬಹಳ ಅದ.
ಕೆಂಪು ಬಿಳಿ ಪಟ್ಟಿ ಬಟ್ಟಿ ಹೊದ್ದ ಸಾಲು ಅಂಗಡಿ,
ಒಣ ಹಣ್ಣಿಗೆ ಟೊಪ್ಪಿಗಿ ಇಟ್ಟು ಮನುಷ್ಯಾರನ್ನ ಮಾಡೋ ಮುದುಕ,
ಹಬೆಯಾಡೋ ವೈನಿನಾಗ ಶುಂಠಿ, ಲವಂಗ, ದಾಲ್ಚಿನ್ನಿ:
ನಮ್ಮ ಉಸ್ಮಾನಗಂಜಿನ ಮಸಾಲಿ ಅಂಗಡಿ
ಇಲ್ಲಿ ಬಂದು ಯಾಕ ಮುಳುಗ್ತು ಅನಿಸಿತ್ತು.

ನನಗ ಸಿಕ್ಕದ್ದು ಮೂಲ್ಯಾಗ ಅರ್ಧ ಹಲಗಿ.
ಆಚಿ ಅರ್ಧದಾಗ ಹೆಡ್ವಿಗ್ ಅನ್ನೋ ಮುದುಕಿ
ಜೇನುಮೇಣದ ಬತ್ತಿ ಮಾರ್ತಿದ್ಲು.
ಈಚಿ ನನ್ನ ಸುರಾಯಿ, ಆನಿ, ಪಾನದಾನ.
ಪಾನದಾನ ಯಾತಕ್ಕ ಅಂದವರಿಗೆ
ಅಂಗಿ ಗುಂಡಿ ಇಡ್ಲಿಕ್ಕ ಅಂದೆ.
ಮೂರು ಹೋದ್ವು.

ನಾಕು ಹೊಡಿಯೋದ್ರಾಗ ಕತ್ತಲ.
ಒಂದಿನ ಹಿಮ ಬಿತ್ತು, ಕರೀ ಮಾಡಿನ ಅಂಚಿಗೆ ಬೆಳ್ಳಿ ತಂತಿ.
ಎಲ್ಲಾರೂ ಮ್ಯಾಲ ನೋಡಿ ಆಹಾ ಅಂದ್ರು.
ಖುರ್ಷಿದ್ ಉಸ್ತಾದ್ರು ಇದ್ದಿದ್ರ ಕನ್ನಡಕ ಏರಿಸಿ
"ತಂತಿ ಸಡಲ ಕೂಡ್ಸ್ಯಾರ, ಹೊತ್ತೇರಿದ್ರ ಉದುರ್ತದ" ಅಂತಿದ್ರು.
ಉದುರ್ತು.

ಅವತ್ತು ಮುಂಜಾನೆ ಅವರ ಕೋಟಿ ಹತ್ತಿದ್ದೆ.
ಯಾರೂ ಇಲ್ಲದ್ದು ನೋಡಿ, ಗ್ವಾಡಿ ಬುಡದ ಮಣ್ಣು
ಉಗುರಿಲೆ ಕೆರದು ನಾಲಗಿ ತುದಿಗಿಟ್ಟೆ.
ಕಸಬಿನ ಚಟ.
ನಮ್ಮ ಕೋಟ್ಯಾಗ ಬಿಸಲು ಮಳಿ ಕಾಣದ ಮೂಲಿ ಮಣ್ಣು
ನಾಲಗಿ ಚುರ್ ಅನಿಸಿದ್ರನೇ ಉಸ್ತಾದ್ರು ಚೀಲ ಬಿಚ್ಚೋದು.
ಇದು ಸಪ್ಪಗ.

ಕೈಸನ್ನಿ, ಮೊಬೈಲಿನ ಅನುವಾದ, ಹೆಂಗೋ ಹೆಡ್ವಿಗ್‌ಗೆ ಹೇಳಿದೆ.
ನಕ್ಕಳು, ಕೆಮ್ಮಿದಳು, ಬತ್ತಿ ನೆಟ್ಟಗ ಮಾಡಿದಳು.
"ಈ ಊರು ಒಂದೇ ರಾತ್ರಿ ಸುಟ್ಟಿತ್ತು.
ಅವ್ವ ನೆಲಮಾಳಿಗ್ಯಾಗ, ನಾ ಅವ್ವನ ಹೊಟ್ಟ್ಯಾಗ.
ನೀ ನೆಕ್ಕಿದ ಗ್ವಾಡಿ
ನನಗಿಂತ ಸಣ್ಣದು."

ಏನನ್ನಬೇಕು ತಿಳೀಲಿಲ್ಲ. ಸುರಾಯಿ ಆಕಿ ಕೈಯಾಗಿಟ್ಟೆ.
ಕೋಟಿ ಮಣ್ಣು, ನವಸಾಗರ, ಕುದಿಯೋ ನೀರು;
ಅದ್ದಿದ್ರ ಸತು ಕರ್ರಗಾಗ್ತದ,
ಬೆಳ್ಳಿ ಇದ್ದಂಗ ಇರ್ತದ, ಅಂದೆ.
ಬೆರಳಿಲೆ ಹೂವಿನ ಗೆರಿ ಸವರಿಕೋತ ಕೇಳಿದಳು:
"ಯಾವುದು ಬಿಡಬೇಕಂತ
ಮಣ್ಣಿಗೆ ಹ್ಯಾಂಗ ಗೊತ್ತಾಗ್ತದ?"

ಇಪ್ಪತ್ತು ವರ್ಷದಾಗ ಇದನ್ನ ಯಾರೂ ಕೇಳಿದ್ದಿಲ್ಲ.

ಕಪ್ಪು ವಾಪಸ್ ಕೊಟ್ರ ಠೇವಣಿ ರೊಕ್ಕ ಕೊಡ್ತಾರ ಅಂದ್ರು.
ನಾ ಕೊಡ್ಲಿಲ್ಲ, ಜೋಳಗ್ಯಾಗ ಹಾಕ್ಕೊಂಡು ಬಂದೆ.

ಈಗ ಮಂಗಲಪೇಟದ ಹುಡುಗರು ಚುಕ್ಕಿ ಕಂದೀಲ ಎತ್ತಿಕೊಂಡು
ಮನಿ ಮನಿಗೆ ಹಾಡ್ಕೋತ ಬರ್ಲತ್ತಾರ.
ಒಲಿ ಮ್ಯಾಲ ನೀರು ಇನ್ನ ಸುಮ್ಮನ ಅದ.
ಇವತ್ತ ಉಸ್ತಾದ್ರನ್ನ ಆಕಿ ಪ್ರಶ್ನಿ ಕೇಳಿದೆ.
"ಮಣ್ಣಿಗೇನು ಗೊತ್ತವಾ," ಅಂದ್ರು,
"ಉರಿ ಜರಾ ದೊಡ್ಡದ ಮಾಡು."