ಲಾರಿ

ಕರೆಂಟಿನ ಮೀಟರ್ ನೋಡಾವ ನಾನು.
ತಿಂಗಳಿಗೊಮ್ಮೆ ವಿಜಯಪುರದ ಎಂಟುನೂರು ಮನಿಯೊಳಗ
ಚಪ್ಪಲಿ ಬಿಟ್ಟು, ಬ್ಯಾಟರಿ ಹಚ್ಚಿ, ಮೀಟರ್ ನೋಡತೀನಿ;
ಹೊರಗ ಬರೂಮುಂದ ಮನಿಯನ್ನೂ ನೋಡತೀನಿ.
ಯಾರ ಬಚ್ಚಲದ ಕಲ್ಲಿನ ಮ್ಯಾಲೆ ಫಾರಸಿ ಅಕ್ಷರ ಅದಾವ,
ಯಾರ ಪಡಸಾಲಿ ಬಾಗಿಲಾ ಗಾಳಿಗೆ ಬಡೀಲಾರದಂಗ
ತೋಪಿನ ಗುಂಡು ಆತು ಕುಂತದ,
ಯಾರು ರಾಜಗಿರಿ ಪಲ್ಯೆ ತೂಗಾಕ
ಇನ್ನೂ ಪಾವಶೇರಿನ ಕಲ್ಲು ಇಟ್ಟಾರ,
ಎಲ್ಲಾ ಬಾಯಿಪಾಠ.
ಆಫೀಸಿನ ಮಷೀನಿಗೆ ಯುನಿಟ್ಟು,
ನನ್ನ ವಹಿಗೆ ಇವು.

ರವಿವಾರ ಮೋಡಕಾ ರಾಶಿಗೆ ಮೊದಲ ಗಿರಾಕಿ ನಾನೇ.
ಕೀಲಿ ಇಲ್ಲದ ಕುಲುಪ, ಕುಲುಪ ಇಲ್ಲದ ಕೀಲಿ,
ತಳ ಹೋದ ಹುಕ್ಕಾ, ಕುದುರಿ ಇಲ್ಲದ ರಿಕಾಪು.
‘ತುಕ್ಕು ತಿಂದು ಬದುಕತೀರೇನು?’ ಅಂತಾಳ ನೀಲಗಂಗಾ.
ಆಕಿ ಅನ್ನೂದರಾಗ ಸುಳ್ಳಿಲ್ಲ.
ಒಮ್ಮೆ ಕೊಲ್ಹಾರದ ಮುದುಕಿಯೊಬ್ಬಾಕಿಗೆ
ಹೊಸಾ ಸ್ಟೀಲಿನ ತಂಬಿಗಿ ಕೊಟ್ಟು
ಹಂಸದ ಮೂತಿಯ ಹಿತ್ತಾಳಿ ಗಿಂಡಿ ತಂದೆ.
ಆಕಿ ನನಗ ಆಶೀರ್ವಾದ ಮಾಡಿದಳು.
ಹದಿನಾಲ್ಕು ವರ್ಷ ಆತು, ಕಪಾಟಿನ್ಯಾಗ ಅದ ಗಿಂಡಿ;
ಇವತ್ತಿಗೂ ಅದರಾಗ ನೀರು ಕುಡಿದಿಲ್ಲ ನಾ.

ಆದರ ಖರೇ ಹುಡುಕಿದ್ದು ಒಂದ: ಲಾರಿ.
‘ಎಷ್ಟು ಗಾಲಿದ್ರಿ?’ ಅಂತ ನಗತಿದ್ದ ಲೈನಮನ್ ಬಸಪ್ರಭು.
ಗಾಲಿ ಇಲ್ಲೋ ಮಾರಾಯ, ಅದು ನೀರಮ್ಯಾಲೆ ಹೋಗಿದ್ದು,
ಹಡಗಿನ್ಯಾಗ, ಕುದುರಿ ಕೊಳ್ಳಾಕ.
ಆದಿಲಶಾಹಿ ರೊಕ್ಕ. ದುಂಡಗಿಲ್ಲ;
ಬೆಳ್ಳಿ ತಂತಿ ನಡಕ್ಕ ಮಡಚಿ, ಬಡಿದು, ಮುದ್ರಿ ಒತ್ತಿದ್ದು,
ಹೆಂಗಸರ ಹೇರಪಿನ್ನಿನಂಗ.
ಫೋಟೋದಾಗ ಕಂಡಿದ್ದೆ, ಅಷ್ಟ.

ಆಸರ ಮಹಲಿನ ಹಿಂದ ಜೈತೂನಬಿಯ ಮನಿ.
ಪಾಯಜಾಮ ಹೊಲೀತಾಳ, ಡಜನಿಗಿಷ್ಟು ಅಂತ.
ಅವತ್ತು ಮೀಟರಿನ ಗಾಜಿನ್ಯಾಗ ಆಕಿ ಮೂಡಿದ್ದಳು:
ಬಾಯಾಗ ದಾರ, ಕೈಯಾಗ ನಾಡಿ,
ನಾಡಿಯ ತುದಿಗೆ ಸಿಕ್ಕಿಸಿದ್ದು ಏನೋ ಮಿಂಚಿತು,
ನೇಫಾದ ಕತ್ತಲಾಗ ಹೊಕ್ಕಿತು,
ಇಲ್ಲದ ಸೊಂಟ ಒಂದು ಸುತ್ತಿ
ಈ ಕಡೆ ಬಂತು.

ಅಂಕಿ ಮರತೆ.
‘ಅಮ್ಮಾ, ಅದೇನು?’
‘ನಾಡಿ ಪೋಣಸೂ ಕಡ್ಡಿ. ನಮ್ಮತ್ತಿದು, ಆಕಿ ಅತ್ತಿದು.
ತುಕ್ಕ ಹಿಡಿಯಂಗಿಲ್ಲ ನೋಡು.’
ಅಂಗೈಗೆ ಇಟ್ಟಳು. ಬೆಚ್ಚಗಿತ್ತು.
ಎಷ್ಟು ಮಂದಿಯ ನಾಡಿ ಎಳದೆಳದು
ಅಕ್ಷರ ಸವದು, ಉಳಿದದ್ದು ಒಂದ ಹೆಸರು: ಅಲಿ.

ನಾಕು ಸೇಫ್ಟಿಪಿನ್ನಿಗೆ ಕೊಡತಿದ್ದಳು, ದೇವರಾಣಿ,
ಮ್ಯಾಲ ಚಾ ಕುಡಿಸಿ.
ಗಿಂಡಿ ನೆನಪಾತು.
‘ಇದು ಬಾದಶಹನ ರೊಕ್ಕ, ಅಮ್ಮಾ. ಭಾಳ ಬೆಲಿ ಬಾಳತದ.
ಪಗಾರಾದ ಮ್ಯಾಲ ನಾನ ಬರತೀನಿ, ಯಾರಿಗೂ ಕೊಡಬ್ಯಾಡ.’
ಆಕಿ ಅದನ್ನ ಮೊದಲ ಸಲ
ಹೆದರಿ ಹಿಡದಳು.

ಪಗಾರ ಆತು. ಭಿಶಿಯ ರೊಕ್ಕನೂ ಎತ್ತಿಕೊಂಡು ಹೋದೆ.
ನಾಡಿಯ ತುದಿಗೆ ಸೇಫ್ಟಿಪಿನ್ನು.
‘ಸರಾಫನ ಕಡೆ ಒಯ್ದಿದ್ದೆ. ನೀ ಸುಳ್ಳು ಹೇಳಿದಿ, ಬೇಟಾ.
ನಾಕೂವರಿ ಗ್ರಾಮಿನ ರೊಕ್ಕ, ಅಷ್ಟ ಅಂದ ಆವ.
ನೀ ಹೇಳಿದಾಗಿಂದ ಕಳ್ಳರ ಅಂಜಿಕಿ, ರಾತ್ರಿ ನಿದ್ದಿ ಇಲ್ಲ.
ಅದರಾಗ ಇನ್ನೀಟು ಬೆಳ್ಳಿ ಕೂಡಿಸಿ
ಮೊಮ್ಮಗಳಿಗೆ ಗೆಜ್ಜಿ ಮಾಡಿಸಿಬಿಟ್ಟೆ.’

ಹಳೇ ರೀಡಿಂಗು, ಹೊಸಾ ರೀಡಿಂಗು,
ನಡುವ ಸುಟ್ಟಿದ್ದಕ್ಕ ಬಿಲ್ಲು.
ಮಷೀನು ಕಿರ್ ಅಂತ ಹೊರಗ ಹಾಕಿತು. ಹರದು ಕೊಟ್ಟೆ.

ಒಳಗಿಂದ ಓಡಿ ಬಂತು ಕೂಸು.
ನೆಲಕ್ಕ ಕುಂತು ಅದರ ಪಾದಕ್ಕ ಬ್ಯಾಟರಿ ಹಿಡದೆ:
ಹನ್ನೊಂದು ಗೆಜ್ಜಿ, ಜೋಳದ ಕಾಳಿನಷ್ಟು;
ಯಾವುದರಾಗ ಕರಗ್ಯಾನ ಅಲಿ?
ಆಟ ಅಂತ ತಿಳಕೊಂಡು ನಕ್ಕು
ಇನ್ನೊಂದು ಕಾಲೂ ಮುಂದ ಚಾಚಿತು.