ಬಾಲಕ್ಕೊಂದು ಎಸ್

ಗ್ರಿಮ್ಸ್‌ಬಿಯ ಲೈಬ್ರರಿ ಮಹಡಿ, ಮಂಗಳವಾರ ಸಂಜೆ ಆರೂವರೆ.
ಹೀಟರಿನ ಮೇಲೆ ಒದ್ದೆ ಕೈಗವಸು, ಐದು ಜೋಡಿ.
ಮೋರೀನ್ ಹ್ಯಾಗರ್ಟಿ ಬೋರ್ಡಿನ ಮೇಲೆ ಬರೆಯುತ್ತಾರೆ:
ಐ ವರ್ಕ್. ಯು ವರ್ಕ್. ಹಿ ವರ್ಕ್ಸ್. ಶಿ ವರ್ಕ್ಸ್.
ಕೊನೆಯ ಎರಡು ಎಸ್‌ಗಳಿಗೆ ಕೆಂಪು ಬಣ್ಣ.
"ಎಲ್ಲಿ ಬಿದ್ದುಹೋಗುತ್ತದೆ ನಿಮ್ಮ ಎಸ್? ಮೆಟ್ಟಿಲ ಮೇಲಾ?"

ಪಿರೋಶ್ಕಾಗೆ ಗೊತ್ತು ಎಲ್ಲಿ ಎಂದು.
ಬೆಳಗಿನ ಐದರಿಂದ ಬೆಲ್ಟಿನ ಮುಂದೆ ನಿಂತು
ಹ್ಯಾಡಕ್ ಮೀನಿನ ಬಾಲ ಕತ್ತರಿಸುವ ಕೈ ಅದು,
ನಿಮಿಷಕ್ಕೆ ಇಪ್ಪತ್ತೆರಡು.
ಸಂಜೆ ಕ್ರಿಯಾಪದ ಸಿಕ್ಕರೂ
ಮೊದಲು ಹೋಗುವುದು ಬಾಲವೇ.

ಎಸ್ಸಾದರೂ ವಾಸಿ. ಹಿ, ಶಿ ಎಂಬ ಜೋಡಿಯಂತೂ
ಎಡಬಲ ಗೊತ್ತಾಗದ ಬೂಟುಗಳು.
ಅವಳ ಹಂಗೇರಿಯನ್ನಿನಲ್ಲಿ ಅವನೂ ಅವಳೂ ಒಂದೇ ಸ್ವರ:
ತುಟಿ ದುಂಡಗೆ ಮಾಡಿ, ಬಿಸಿ ಸೂಪು ಊದುವ ಹಾಗೆ,
ಓ ಅಲ್ಲ, ಏ ಅಲ್ಲ, ನಡುವಿನದೊಂದು.
ಆ ಸೂಪಿನಲ್ಲಿ ಗಂಡೋ ಹೆಣ್ಣೋ ಎಂದು ಸೌಟು ಆಡಿಸುವವರಿಲ್ಲ.
ಪಕ್ಕದ ಕುರ್ಚಿಯ ಹಾವ್ರೆ, ಕುರ್ದಿ ಕ್ಷೌರಿಕ,
ತನ್ನ ಅಜ್ಜಿಯನ್ನು ಹಿ, ಹಿ ಎಂದೇ ವರ್ಣಿಸಿ
ಆಕೆಗೆ ಮೀಸೆ ಬರಿಸಿದ್ದಾನೆ.

ಎರಡು ವರ್ಷ ಪಟ್ಟು ಹಿಡಿದು ಕಲಿತಳು.
ಒಂಬತ್ತನೇ ನಂಬರಿನ ಬಸ್ಸಿನಲ್ಲಿ
ಕಿಟಕಿಯಾಚೆಯವರನ್ನೆಲ್ಲ ವಿಂಗಡಿಸುತ್ತ:
ಹಿ ವಾಕ್ಸ್. ಶಿ ಸ್ಮೋಕ್ಸ್.
ಸೀಗಲ್ ಹಕ್ಕಿಗೆ, ಇಟ್ ಸ್ಟೀಲ್ಸ್ ಚಿಪ್ಸ್.
(ಚಿಪ್ಸ್‌ನ ಎಸ್ ಬೇರೆ ಜಾತಿಯದಂತೆ. ಇರಲಿ.)

ಆಮೇಲೆ ಲೀಡ್ಸ್‌ನಿಂದ ಫೋನು. ಚೆಂಗೆ. ಹತ್ತೊಂಬತ್ತರ ಕೂಸು.
"ಅಮ್ಮಾ, ಇಂಗ್ಲಿಷಿನಲ್ಲಿ ಇನ್ನು ನನ್ನನ್ನು ಶಿ ಅನ್ನಬೇಡ.
ಹಿ ಅಂತಲೂ ಬೇಡ. ದೇ."
"ಮತ್ತೆ ನಮ್ಮ ಭಾಷೆಯಲ್ಲಿ?"
"ಅದು ಇದ್ದ ಹಾಗೇ ಇರಲಿ.
ಅದರಲ್ಲಿ ನಾನು ಮೊದಲಿಂದಲೂ ಸರಿಯಾಗೇ ಇದ್ದೆ."
ಪಿರೋಶ್ಕಾ ಫೋನಿಟ್ಟು ಆಲೂಗಡ್ಡೆ ಸುಲಿದಳು,
ಬೇಕಾದ್ದಕ್ಕಿಂತ ಮೂರು ಹೆಚ್ಚು.

ಇಲ್ಲಿ ನನಗೂ ಪೇಚು, ಓದುಗರೇ.
ಕನ್ನಡದ ಕ್ರಿಯಾಪದ ಬಾಲದಲ್ಲೇ ಗುಟ್ಟು ಬಿಟ್ಟುಕೊಡುತ್ತದೆ:
ಬಂದನು, ಬಂದಳು, ಬಂದಿತು.
ಅದಕ್ಕೇ ಚೆಂಗೆ ಎಂದಷ್ಟೇ ಬರೆದು
ಪೂರ್ಣವಿರಾಮದ ಹಿಂದೆ ಅಡಗಿಕೊಂಡೆ, ಮೇಲೆ ನೋಡಿ.
ಬಂದರು ಎನ್ನಲೇ? ಹೆತ್ತ ಕೂಸಿಗೆ ಬೀಗರ ಮರ್ಯಾದೆಯೇ?
ಜಗಳವಾದರೆ ಏಕವಚನಕ್ಕಿಳಿಯುವವರು ನಾವು,
ಪ್ರೀತಿ ಉಕ್ಕಿದರೂ ಇಳಿಯುವುದು ಅಲ್ಲಿಗೇ.
ಬಹುವಚನವೆಂದರೆ ನಮಗೆ
ಹೊರಗಿನವರಿಗೆ ಒರೆಸಿ ಹಾಕುವ ಕುರ್ಚಿ.

ಮಂಗಳವಾರ ಅವಳು ಕೈಯೆತ್ತಿದಳು:
"ಒಬ್ಬರೇ ಇದ್ದು ದೇ ಅಂದರೆ, ಈಸೋ, ಆರೋ?"
ಮೋರೀನ್ ಕನ್ನಡಕ ತೆಗೆದರು.
"ಆರ್. ಒಬ್ಬರೇ ಆದರೂ ಆರ್. ದೇ ವರ್ಕ್, ಎಸ್ ಬೇಡ.
ಹೆಸರು ಹಿಡಿದು ಹೇಳಿದರೆ ಮಾತ್ರ ಎಸ್ ಬೇಕು."
"ಹೆಸರಿಗೆ ಬಾಲ ಉಂಟು, ದೇಗೆ ಇಲ್ಲ?"
"ಇಲ್ಲ."
"ಯಾರು ಮಾಡಿದ್ದು ಇದನ್ನ?" ಹಾವ್ರೆಗೆ ಸಿಟ್ಟು.
"ಮಾತಾಡುವವರು," ಎಂದರು ಮೋರೀನ್, ಬೋರ್ಡು ಒರೆಸುತ್ತ.

ಬಸ್ಸಿನಲ್ಲಿ ಮತ್ತೆ ಒಂದರಿಂದ:
ಚೆಂಗೆ ಸ್ಲೀಪ್ಸ್. ದೇ ಸ್ಲೀಪ್. ಚೆಂಗೆ ಲಾಫ್ಸ್. ದೇ ಲಾಫ್.
ನಾಲ್ಕನೆಯ ಸಲ ಶಿ ನುಸುಳಿತು. ಅಳಿಸಿದಳು, ಗಾಜಿನ ಮಂಜನ್ನು.
ಎರಡು ವರ್ಷ ತಪ್ಪೆಂದು ಹೊಡೆಸಿಕೊಂಡ ಬಾಲವಿಲ್ಲದ ಮೀನೇ
ಈಗ ಸರಿಯುತ್ತರ.

ಶನಿವಾರ ಚೆಂಗೆ ಬಂದರು. ಬರೆದೇಬಿಟ್ಟೆ.
ಬೂಟು ಬಿಚ್ಚದೆ ಒಳಗೆ ಬಂದರು,
ಅಮ್ಮನ ಕೈ ಮೂಸಿ ಮೂಗು ಮುಚ್ಚಿಕೊಂಡರು,
ಬಾಣಲೆಯಿಂದಲೇ ಎತ್ತಿ ಬಾಯಿ ಸುಟ್ಟುಕೊಂಡರು.
ಬಾಗಿಲಲ್ಲಿ ಪಕ್ಕದ ಮನೆಯ ಗ್ಲೆನ್ಡಾ: ಯಾರು ಬಂದಿರೋದು?
"ಮೈ ಚೈಲ್ಡ್," ಎಂದಳು ಪಿರೋಶ್ಕಾ. "ದೇ ಈಟ್ಸ್..."
ತಡೆದಳು. ಕೈ ತಾನಾಗಿ ಗಾಳಿಯಲ್ಲಿ ಬಾಲ ಕತ್ತರಿಸಿತು.
"ದೇ ಈಟ್."

ಎಷ್ಟು ಜನವಪ್ಪಾ ಎಂದು ಗ್ಲೆನ್ಡಾ ಇಣುಕಿದಳು.
ಬೆಂದ ಆಲೂಗಡ್ಡೆ ಮೂವರಿಗಾಗುವಷ್ಟಿತ್ತು.
ಒಬ್ಬರೇ ತಿಂದರು.