ಎರಡೂ ಬದಿಗೆ ಹೊಳಪು

ನಾನು ಕಲ್ಲು ಓದುವವನಲ್ಲ, ಕಲ್ಲು ತೇಯುವವನು.
ಅಥೆನ್ಸಿನ ವಿಶ್ವವಿದ್ಯಾಲಯದ ನೆಲಮಾಳಿಗೆ,
ಗರಗಸದ ಸದ್ದಿಗೆ ಎಡಗಿವಿ ಹೋಗಿ ಹದಿನೈದು ವರ್ಷ.
ಉಳಿದವರಿಗೆಲ್ಲ ಮೂವತ್ತು ಮೈಕ್ರಾನಿನ ಹಾಳೆ ಸಾಕು:
ಗಾಜಿಗೆ ಅಂಟಿಸಿ ತೇಯುತ್ತ ಹೋದರೆ
ಬಂಡೆಯೂ ಈರುಳ್ಳಿ ಸಿಪ್ಪೆಯ ಹಾಗೆ ಬೆಳಕು ಬಿಡುತ್ತದೆ.
ಎವಾಂಥಿಯಾ ಮಾತ್ರ ಮೊದಲ ದಿನವೇ ಅಂದಳು:
ನೂರು ಇರಲಿ. ಎರಡೂ ಬದಿಗೆ ಹೊಳಪು.
ಅಂಟು ತಣ್ಣಗೇ ಒಣಗಲಿ, ರಾತ್ರಿಯಿಡೀ.
ಒಳಗೆ ನೀರಿದೆ.

ನಕ್ಕುಬಿಟ್ಟೆ.
ನಾನು ಸೀರೋಸ್ ದ್ವೀಪದವನು. ಅಲ್ಲಿ ಮಳೆತೊಟ್ಟಿಗೆ ಬೀಗ,
ಬೀಗದ ಕೈ ಅಜ್ಜಿಯ ಕೊರಳಲ್ಲಿ, ಶಿಲುಬೆಯ ಪಕ್ಕ.
ಮಿಕ್ಕ ನೀರು ಹಡಗಿನಲ್ಲಿ ಬರಬೇಕು.
ಇವಳು ತಂದ ಕಲ್ಲೂ ಅಲ್ಲಿಯದೇ,
ನಮ್ಮ ಮೇಕೆದೊಡ್ಡಿಯ ಗೋಡೆಯಲ್ಲಿದ್ದಂಥ ನೀಲಿ,
ನಡುನಡುವೆ ದಾಳಿಂಬೆ ಬೀಜದ ಕೆಂಪು.
ಹಿಂಡಿದರೆ ಹನಿ ಬರದ ಕಲ್ಲು ಅದು, ನನಗೆ ಗೊತ್ತು.

ಬಾ, ನೋಡು, ಎಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು.
ಕೂದಲೆಳೆಗಿಂತ ಕಿರಿದಾದ ಕೋಣೆ,
ಅದರ ತುಂಬ ನೀರು, ನೀರಿನಲ್ಲೊಂದು ಗುಳ್ಳೆ
ನಿಲ್ಲದೆ ಮಿಡಿಯುತ್ತಿತ್ತು,
ಹಸುಗೂಸಿನ ನೆತ್ತಿಯ ಹಾಗೆ.
ಐದು ಕೋಟಿ ವರ್ಷ, ಅಂದಳು. ಐವತ್ತು ಕಿಲೋಮೀಟರು ಕೆಳಗೆ.
ಕಡಲ ತಳ ನಮ್ಮ ಅಡಿಗೆ ಜಾರುತ್ತದೆ, ಪಾಂಡೆಲಿ,
ಮೇಲಿದ್ದಾಗ ಕುಡಿದದ್ದನ್ನು ಆಳದಲ್ಲಿ ಬೆವರುತ್ತದೆ.
ಒಣಬಂಡೆ ಎಷ್ಟು ಒತ್ತಿದರೂ ಹಟ ಬಿಡುವುದಿಲ್ಲ,
ನೀರು ಬಂದಾಗಲೇ ಅದು ಇನ್ನೊಂದಾಗುವುದು.
ಆವತ್ತಿನಿಂದ ನಾನು ಆ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದೆ.

ಅವಳ ಕೆಲಸವೆಂದರೆ ಆ ಹನಿಯನ್ನು ಹೆಪ್ಪುಗಟ್ಟಿಸುವುದು,
ಮತ್ತೆ ಮೆಲ್ಲಗೆ ಬಿಸಿಮಾಡುತ್ತ
ಕೊನೆಯ ಮಂಜಿನ ಚೂರು ಯಾವ ಡಿಗ್ರಿಗೆ ಕರಗಿತೋ ಬರೆದುಕೊಳ್ಳುವುದು.
ಅದರಿಂದ ಉಪ್ಪು ಎಷ್ಟೆಂದು ತಿಳಿಯುತ್ತದಂತೆ.
ಭೂಕಂಪದ ದಿನ ಕಟ್ಟಡವೆಲ್ಲ ಬೀದಿಗಿಳಿದಾಗ
ಅವಳೊಬ್ಬಳು ಬರಲಿಲ್ಲ,
ಮಂಜು ಇನ್ನೂ ಕರಗಿರಲಿಲ್ಲ.
ಸಂಬಳ ಅರ್ಧವಾದ ವರ್ಷ
ನನ್ನ ಅಂಟಿನ ಡಬ್ಬಿಗೆ ತನ್ನ ಕೈಯಿಂದ ಹಣ ಕೊಟ್ಟಳು.

ಎಂಟು ವರ್ಷದ ಹಿಂದೆ ಮೆಲ್ಪೊಮೇನಿ ಎಂಬ ಹುಡುಗಿ,
ಅವಳದೇ ಶಿಷ್ಯೆ, ಕೆಳಗಿಳಿದು ಬಂದು ಕೇಳಿದಳು:
ಅಂಟು ಒಣಗಿಸುವ ತಟ್ಟೆ ಎಷ್ಟು ಬಿಸಿ ಇರುತ್ತೆ?
ನೂರಾ ನಲವತ್ತು, ಅಂದೆ. ಬೇಗ ಆಗುತ್ತೆ.
ಆರು ಗಂಟೆಗೆ ಬಸ್ಸು.

ಹುಡುಗಿ ಏನೂ ಅನ್ನಲಿಲ್ಲ. ತಟ್ಟೆಯನ್ನೇ ನೋಡಿದಳು.
ತಣ್ಣಗೆ ಒಣಗಲಿ ಎಂದ ಮಾತನ್ನು ಯಾವ ವರ್ಷ ಬಿಟ್ಟೆನೋ
ನನಗೂ ನೆನಪಿಲ್ಲ.
ನೀರು ಚೆಲ್ಲಿರಲಿಲ್ಲ. ಹಿಗ್ಗಿತ್ತು, ಅಷ್ಟೆ.
ತನ್ನ ಕೋಣೆಯ ಗೋಡೆಯನ್ನು ಒಂದಿಷ್ಟೇ ಇಷ್ಟು ತಳ್ಳಿ
ತಾನು ಬಂದ ಆಳ ಮರೆತಿತ್ತು.
ಎಂಟು ಪ್ರಬಂಧ. ಆ ಅಂಕಿಗಳಿಗಾಗಿ
ವಿಯೆನ್ನಾದ ಸಭೆಯಲ್ಲಿ ಎದ್ದು ನಿಂತು ಜಗಳವಾಡಿದ್ದಳು ಅವಳು.

ಉಪ್ಪು ತಿಂದವನು ನೀರು ಕುಡಿಯಲೇಬೇಕು.
ಮರುದಿನ ಮೆಟ್ಟಿಲು ಹತ್ತಿ ಹೋಗಿ ಹೇಳಿದೆ,
ಬಸ್ಸಿನ ವಿಷಯವನ್ನೂ ಬಿಡಲಿಲ್ಲ.
ಬಹಳ ಹೊತ್ತು ಕಿಟಕಿಯ ಕಡೆ ತಿರುಗಿದ್ದಳು.
ಆಮೇಲೆ: ಯಾವ ಕಲ್ಲು, ಯಾವ ತಾರೀಖು, ಪಟ್ಟಿ ಮಾಡೋಣ.

ಒಂಬತ್ತನೆಯ ಪ್ರಬಂಧ ಎಂಟನ್ನೂ ಅಳಿಸಿತು.
ತಯಾರಿಕೆಯ ಹಂತದ ತಾಪ, ಎಂದಷ್ಟೇ ಬರೆದಿದ್ದಳು.
ಕೊನೆಯಲ್ಲಿ ಎಂದಿನ ಸಾಲು:
ತೆಳುಹಾಳೆಗಳಿಗಾಗಿ ಪಾಂಡೆಲಿಸ್ ವಾಂವಕಾರಿಸ್ ಅವರಿಗೆ ವಂದನೆ.
ಆ ಸಾಲು ತೆಗೆಯಬಹುದಿತ್ತು.

ಹೋದ ತಿಂಗಳು ಅವಳು ನಿವೃತ್ತಳಾದಳು. ಕಪಾಟು ಖಾಲಿ.
ಮೆಲ್ಪೊಮೇನಿಗೆ ಈಗ ನೂರು ಮೈಕ್ರಾನ್, ಎರಡೂ ಬದಿಗೆ ಹೊಳಪು.
ಬಿಸಿತಟ್ಟೆಯ ತಂತಿ ನಾನೇ ಕತ್ತರಿಸಿದ್ದೇನೆ.
ಅಂಟು ತನ್ನ ಪಾಡಿಗೆ ತಾನು ಒಣಗುತ್ತದೆ, ಹದಿನೆಂಟು ಗಂಟೆ,
ಕೆಲವೊಮ್ಮೆ ನಾನು ಪಕ್ಕದಲ್ಲೇ ಕೂರುತ್ತೇನೆ, ಸುಮ್ಮನೆ.
ಆರರ ಬಸ್ಸು ಹೋಗುತ್ತದೆ. ಏಳೂವರೆಯದೂ.